ಫೈಬರ್ ಹೊದಿಸದೆ ಹಳೆಯ ಎಂಟರ್‌ಪ್ರೈಸ್ ದೋಣಿಯ ತಳ ಸರಿಮಾಡಿದ್ದು: ನನ್ನ ಅನುಭವ

ಪ್ಲೈವುಡ್ಡಿನ ಹಳೆಯ ಎಂಟರ್‌ಪ್ರೈಸ್ ಹಾಯಿದೋಣಿ ಸೋರಲು ಶುರುವಾದರೆ ಕೆಆರ್‌ಎಸ್ ಹಿನ್ನೀರಿನ ದಡದಲ್ಲಿ ಸಿಗುವ ಸಲಹೆ ಒಂದೇ: ಮೇಲೆ ಫೈಬರ್ (ರೆಸಿನ್ ಹಚ್ಚಿದ ಗಾಜಿನ ನಾರು) ಹೊದಿಸಿಬಿಡಿ. ನಾನು ಹೊದಿಸಲಿಲ್ಲ. ಒಣಗಿಸಿದೆ, ಕೊಳೆತದ್ದನ್ನು ಕೊಯ್ದು ತೆಗೆದೆ, ಹೊಸ ಪ್ಲೈಯನ್ನು ಸ್ಕಾರ್ಫ್ ಜೋಡಣೆಯಲ್ಲಿ, ಅಂದರೆ ಎರಡೂ ಅಂಚನ್ನು ಓರೆಯಾಗಿ ಕೀಸಿ ಒಂದರ ಮೇಲೊಂದು ಅಂಟಿಸಿ, ಕೂರಿಸಿದೆ. ತೇಪೆ ಹಾಕಿದ ತಳ ಮೊದಲ ಆಷಾಢದ ಗಾಳಿಗೇ ಬಾಯಿ ಬಿಡುತ್ತದೆ ಎಂದವರಿದ್ದರು. ಎರಡು ಆಷಾಢ ಕಳೆದಿವೆ. ಎರಡು ಗಂಟೆ ಓಡಿಸಿ ದಡಕ್ಕೆ ತಂದರೆ ಒಳಗೆ ಅರ್ಧ ಚೊಂಬು ನೀರು. ಅದೂ ಅಂಚಿನ ಮೇಲಿಂದ ಹಾರಿ ಬಂದದ್ದು. ಮೊದಲು ಇಪ್ಪತ್ತು ನಿಮಿಷಕ್ಕೊಮ್ಮೆ ಬಕೆಟ್ ಎತ್ತಬೇಕಿತ್ತು.

1956ರ ಜ್ಯಾಕ್ ಹೋಲ್ಟ್ ವಿನ್ಯಾಸ, ಎರಡು ಚೈನ್ (ತಳ ಪಕ್ಕಕ್ಕೆ ಮಡಚುವ ಕೋನದ ಅಂಚು), ನಾಲ್ಕು ಮೀಟರಿಗೆ ತುಸು ಹೆಚ್ಚು ಉದ್ದ ಎಂಬುದನ್ನೆಲ್ಲ ಓದುವವರು ಬಲ್ಲರು. ನಾನು ಕೈಹಾಕಿದ್ದು 6 ಮಿ.ಮೀ. ಪ್ಲೈ ತಳದ, ನಲವತ್ತು ವರ್ಷದ ಆಸುಪಾಸಿನ ಹಲ್ (ದೋಣಿಯ ಒಡಲು). ಸೆಂಟರ್‌ಬೋರ್ಡ್ ಕೇಸಿನ (ನೀರಿಗಿಳಿಸುವ ನಡುಹಲಗೆ ಕೂರುವ ಪೆಟ್ಟಿಗೆಯ) ಬುಡ, ಅದರ ಹಿಂದಿನ ಹಾಗ್ (ತಳದ ನಡುವಿನ ಉದ್ದ ತೊಲೆ), ಎಡಗಡೆ ಕೆಳಚೈನಿನ ಪಕ್ಕದ ಎರಡು ಜಾಗ, ಬಲಗಡೆ ಟ್ರಾನ್ಸಮ್ (ಹಿಂಬದಿಯ ಹಲಗೆ) ಮೂಲೆ: ಕೊಳೆತದ್ದು ಇಷ್ಟು. ಎಲ್ಲವೂ ಮಳೆನೀರು ನಿಲ್ಲುವ ಜಾಗಗಳೇ. ಕರಾವಳಿಯ ಮರದ ದೋಣಿಗೆ ಹುಳದ ಭಯ, ಆದರೆ ಉಪ್ಪು ಶಿಲೀಂಧ್ರವನ್ನು ತಡೆಯುತ್ತದೆ. ನಮ್ಮ ಸಿಹಿನೀರಿನಲ್ಲಿ ಹುಳ ಇಲ್ಲ, ಕೊಳೆತವೇ ಶತ್ರು. ಓಡಿಸುವಾಗ ಒಳಬರುವ ನೀರಿಗಿಂತ ಟಾರ್ಪಾಲಿನ ಹೊಟ್ಟೆಯಿಂದ ತೊಟ್ಟಿಕ್ಕಿ ತಿಂಗಳುಗಟ್ಟಲೆ ನಿಂತ ಮಳೆನೀರು ಹೆಚ್ಚು ತಿಂದಿತ್ತು.

ಕೆಲಸದ ಅರ್ಧ ಭಾಗ ಒಣಗಿಸುವುದೇ. ಕೈಯಿಂದ ಮುಟ್ಟಿ ಒಣಗಿದೆ ಎಂದುಕೊಂಡರೆ ಮುಂದಿನದೆಲ್ಲ ದಂಡ. ನಾನು ತೂಗಿದೆ. ತರಕಾರಿ ಮಂಡಿಯಲ್ಲಿ ಬಳಸುವ ನೂರು ಕಿಲೋ ನೇತು ತಕ್ಕಡಿ ಎರಡು ತಂದು, ಒಂದನ್ನು ಮೂತಿಗೆ, ಒಂದನ್ನು ಟ್ರಾನ್ಸಮ್ಮಿಗೆ ಕಟ್ಟಿ, ಹಲಸಿನ ಕೊಂಬೆಗೆ ಎತ್ತಿ ಎರಡನ್ನೂ ಕೂಡಿಸಿದೆ. ಫಿಟ್ಟಿಂಗ್ ಎಲ್ಲ ಬಿಚ್ಚಿದ ಬರಿಯ ಹಲ್ 121 ಕಿಲೋ. ಈ ಮಾದರಿಗೆ (ಕ್ಲಾಸಿಗೆ) ನಿಯಮದ ಕನಿಷ್ಠ ತೂಕ 94. ಹೆಚ್ಚುವರಿ ಪೂರ್ತಿ ನೀರಲ್ಲ, ಪದರ ಪದರವಾಗಿ ಬಳಿದ ಪೇಂಟೂ ಇತ್ತು. ಒಳಗಿನ ಪೇಂಟ್ ಕೆರೆದ ಮೇಲೆ 118ಕ್ಕೆ ಬಂತು. ಒಳಮೈಯ ಪೇಂಟ್ ತೆಗೆಯದೆ ಒಣಗಿಸುವುದು ಮುಚ್ಚಳ ಮುಚ್ಚಿದ ಪಾತ್ರೆಯನ್ನು ಒಣಗಿಸಿದ ಹಾಗೆ. ಒಂದು ಮೈಯಾದರೂ ಬತ್ತಲೆಯಾಗಲೇಬೇಕು. ಹಳೆಯ ಪೇಂಟಿನಲ್ಲಿ ಸೀಸ ಇರಬಹುದು, ಹಾಗಾಗಿ ಒಣ ಸ್ಯಾಂಡಿಂಗ್ ಬೇಡ. ಹೀಟ್ ಗನ್ನಿನಲ್ಲಿ ಪೇಂಟ್ ಮೆತ್ತಗಾಗುವಷ್ಟು ಮಾತ್ರ ಬಿಸಿ ಮಾಡಿ, ಮಾಸ್ಕ್ ಹಾಕಿಕೊಂಡು, ಹರಿತವಾದ ಸ್ಕ್ರೇಪರಿನಲ್ಲಿ ಎಳೆಯಬೇಕು.

ಫೆಬ್ರವರಿ ಮಧ್ಯಕ್ಕೆ ಶುರು. ಬೇಸಿಗೆಯಲ್ಲಿ ಅಣೆಕಟ್ಟೆಯ ನೀರು 124.8 ಅಡಿಯಿಂದ ಎಷ್ಟೋ ಕೆಳಗಿಳಿದು ದಡವೇ ದೂರ ಹೋಗಿರುತ್ತದೆ, ದೋಣಿ ಹೇಗೂ ಮೇಲಿರುತ್ತದೆ, ಗಾಳಿಯೂ ಒಣ. ತೆಂಗಿನ ಗರಿಯ ಚಪ್ಪರದ ಕೆಳಗೆ ಬೋರಲು ಹಾಕಿ, ನೆಲದಿಂದ ಎರಡಡಿ ಎತ್ತರಿಸಿ, ಫೋರ್‌ಡೆಕ್ಕಿನ (ಮುಂದಿನ ಮುಚ್ಚುಹಲಗೆಯ) ಒಳಕ್ಕೆ ಒಂದು ಟೇಬಲ್ ಫ್ಯಾನ್ ತಿರುಗಿಸಿಟ್ಟೆ. ಬಿಸಿಲಿಗೆ ಇಡಬಾರದು. ಮೇಲಿನ ವೆನೀರ್ ಬೇಗ ಒಣಗಿ ಸೀಳುತ್ತದೆ, ಹಳೆಯ ಅಂಟು ತೆರೆದುಕೊಳ್ಳುತ್ತದೆ. 500 ವ್ಯಾಟಿನ ಹ್ಯಾಲೋಜನ್ ದೀಪ ಇಟ್ಟು ಬೇಗ ಮುಗಿಸಲು ಹೋಗಿ ಒಂದು ಕಡೆ ಪ್ಲೈ ಕಂದು ಬಣ್ಣಕ್ಕೆ ತಿರುಗಿತು, ಅದನ್ನು ಅಂದೇ ಬಿಟ್ಟೆ. ಮೊದಲ ವಾರ ಆರು ಕಿಲೋ ಇಳಿಯಿತು, ಎರಡನೇ ವಾರ ಮೂರು, ಆಮೇಲೆ ನಿಧಾನ. ಐದನೇ ವಾರದ ಹೊತ್ತಿಗೆ 106. ಹತ್ತು ದಿನ ತೂಗಿದರೂ ಮುಳ್ಳು ಅಲ್ಲಾಡದಿದ್ದಾಗ ಕೊಯ್ಯಲು ಕೂತೆ. ತೇವ ಅಳೆಯುವ ಮೀಟರ್ ಇರುವವರು 12 ಶೇಕಡದ ಕೆಳಗೆ ನೋಡಿಕೊಳ್ಳಲಿ. ಆದರೆ ಮೀಟರ್ ಎರಡು ಮೊಳೆಯ ನಡುವಿನ ಜಾಗವನ್ನು ಮಾತ್ರ ಹೇಳುತ್ತದೆ, ತಕ್ಕಡಿ ಇಡೀ ದೋಣಿಯನ್ನು ಹೇಳುತ್ತದೆ.

ಕೊಳೆತ ಹುಡುಕಲು ಗೋಣಿಚೀಲದ ದಬ್ಬಣ ಮತ್ತು ಸ್ಕ್ರೂಡ್ರೈವರಿನ ಹಿಡಿ ಸಾಕು. ಹಿಡಿಯಿಂದ ತಟ್ಟಿದರೆ ಗಟ್ಟಿ ಪ್ಲೈ ಟಣ್ ಎನ್ನುತ್ತದೆ, ಸತ್ತದ್ದು ದಬ್ ಎನ್ನುತ್ತದೆ. ದಬ್ಬಣ ಸಲೀಸಾಗಿ ಇಳಿಯುವ ಕೊನೆಯ ಬಿಂದುವಿನಿಂದ ಇನ್ನೂ 60–70 ಮಿ.ಮೀ. ಆಚೆಗೆ ಗೆರೆ ಹಾಕಬೇಕು. ಕಣ್ಣಿಗೆ ಚೆನ್ನಾಗಿ ಕಾಣುವ ಮರದಲ್ಲೂ ಶಿಲೀಂಧ್ರದ ಎಳೆ ಓಡಿರುತ್ತದೆ. ಮೊದಲ ಕಿಂಡಿಯಲ್ಲಿ ಜಿಪುಣತನ ಮಾಡಿ 20 ಮಿ.ಮೀ. ಬಿಟ್ಟಿದ್ದೆ, ಬೆವೆಲ್ (ಅಂಚಿನ ಓರೆ) ಕೀಸುವಾಗ ಕಂದು ಪುಡಿ ಉದುರಿತು, ಮತ್ತೆ ಕೊಯ್ದೆ. ಕಿಂಡಿಯ ಮೂಲೆಗಳು ದುಂಡಗಿರಲಿ, ಚೂಪು ಮೂಲೆಯಿಂದಲೇ ಬಿರುಕು ಹುಟ್ಟುವುದು.

ಪ್ಲೈ ವಿಷಯದಲ್ಲಿ ಐಎಸ್ 710 (ಮರೀನ್ ಪ್ಲೈಯ ಭಾರತೀಯ ಮಾನಕ) ಎಂಬ ಮುದ್ರೆ ನೋಡಿ ಸುಮ್ಮನಾಗಬೇಡಿ. ಆ ಮಾನಕದ ಪ್ರಕಾರ ಪ್ಲೈ 72 ಗಂಟೆ ಕುದಿಸಿದರೂ ಬಿಡಬಾರದು. ನಾನು ಅಂಗೈ ಅಗಲದ ತುಂಡುಗಳನ್ನು ಹಂಡೆಯಲ್ಲಿ ಹಾಕಿ ಕುದಿಸಿದೆ. ಮೊದಲು ತಂದ ಹಾಳೆ ಆರು ಗಂಟೆಯೊಳಗೆ ಪದರ ಬಿಚ್ಚಿ ಪುಸ್ತಕದ ಹಾಗೆ ತೆರೆದುಕೊಂಡಿತು. 2,400 ರೂಪಾಯಿ ಹೋಯಿತು. ಈಗ ಅದು ಶೆಡ್ಡಿನ ಕಪಾಟು. ಎರಡನೆಯದು ಮೂರು ಹಗಲು ಕುದ್ದರೂ ಅಂಚಿನಲ್ಲಿ ಉಗುರು ಇಳಿಯಲಿಲ್ಲ. ಅದು 3,000ದ ಹತ್ತಿರ. ಕೊಳ್ಳುವ ಮುಂಚೆ ತುಂಡು ಕೇಳಿ ಕುದಿಸಿ ನೋಡಿ. ಹಾಳೆಯ ನಾಲ್ಕೂ ಅಂಚಿನಲ್ಲಿ ನಡುಪದರದ ಟೊಳ್ಳು ಇದೆಯೇ ಎಂದೂ ನೋಡಬೇಕು. ಒಳಗೆ ಟೊಳ್ಳಿದ್ದರೆ ಬೆವೆಲ್ ಕೀಸುವಾಗ ಅಲ್ಲೇ ಮುರಿಯುತ್ತದೆ.

ಸ್ಕಾರ್ಫ್ 1ಕ್ಕೆ 8. ಅಂದರೆ 6 ಮಿ.ಮೀ. ಪ್ಲೈಗೆ 48 ಮಿ.ಮೀ. ಓರೆ, ಕಿಂಡಿಯ ಸುತ್ತಲೂ, ತೇಪೆಯ ಸುತ್ತಲೂ. ಗ್ರೈಂಡರಿಗೆ 40 ಗ್ರಿಟ್ ಫ್ಲ್ಯಾಪ್ ಡಿಸ್ಕ್ ಹಾಕಿ ಮುಕ್ಕಾಲು ಭಾಗ, ಕೊನೆಯದು ಕೀಸುಳಿಯಲ್ಲಿ. ಓರೆ ಸಮವಾಗಿದ್ದರೆ ಪ್ಲೈ ಪದರಗಳು ಪಂಚೆಯ ಅಂಚಿನ ಹಾಗೆ ಒಂದೇ ಅಗಲದ ಪಟ್ಟೆಗಳಾಗಿ ಕಾಣುತ್ತವೆ. ಪಟ್ಟೆ ಡೊಂಕಾದಲ್ಲಿ ಏರುತಗ್ಗು ಇದೆ ಎಂದರ್ಥ. ಅಂಚಿಗೆ ಅಂಚು ತಾಗಿಸಿ (ಬಟ್) ಜೋಡಿಸಿ ಹಿಂದೆ ಹಲಗೆ ಕೊಡುವ ಸುಲಭದ ದಾರಿಯನ್ನೂ ಟ್ರಾನ್ಸಮ್ ಪಕ್ಕ ಮಾಡಿ ನೋಡಿದೆ. ಸುತ್ತಲಿನ ತಳ ಬಾಗುತ್ತದೆ, ಹಲಗೆ ಇರುವಲ್ಲಿ ಬಾಗುವುದಿಲ್ಲ. ಅಲೆ ಹೊಡೆದು ಹೊಡೆದು ಹಲಗೆಯ ಅಂಚಿನ ಗುಂಟ ಕೂದಲೆಳೆ ಬಿರುಕು ಬಂತು. ಕಿತ್ತು ಸ್ಕಾರ್ಫೇ ಮಾಡಿದೆ.

ರೆಸಿನ್ ನಾನು ಬಳಸಿದ್ದು ಲ್ಯಾಪಾಕ್ಸ್ ಎಲ್-12 ಎಂಬ ಎಪಾಕ್ಸಿ, ಅದನ್ನು ಗಟ್ಟಿಮಾಡಲು ಕೆ-6 ಹಾರ್ಡನರ್. ನೂರಕ್ಕೆ ಹತ್ತು, ತೂಕದಲ್ಲಿ. ಈ 'ತೂಕದಲ್ಲಿ' ಎಂಬ ಮಾತಿಗೆ ನಾನು ತೆತ್ತದ್ದು ಒಂದೂವರೆ ಕಿಲೋ ರೆಸಿನ್ ಮತ್ತು ಎರಡು ದಿನದ ಕೆರೆತ. ಸಿರಿಂಜಿನಲ್ಲಿ ಮಿಲಿ ಲೆಕ್ಕ ಅಳೆದು ಹಾಕಿದ್ದೆ. ಹಾರ್ಡನರ್ ಹಗುರ, ಹಾಗಾಗಿ ಕಡಿಮೆ ಬಿತ್ತು. ವಾರ ಕಳೆದರೂ ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಅರೆಬೆಂದ ಎಪಾಕ್ಸಿಯ ಮೇಲೆ ಏನು ಹಚ್ಚಿದರೂ ಸರಿಹೋಗುವುದಿಲ್ಲ, ಮರದವರೆಗೆ ಕೆರೆಯಲೇಬೇಕು. ಆಮೇಲೆ ಚಿನ್ನ ತೂಗುವ ಮಾದರಿಯ 0.1 ಗ್ರಾಮಿನ ಡಿಜಿಟಲ್ ತಕ್ಕಡಿ ತಂದೆ. ಒಂದು ಸಲಕ್ಕೆ 150 ಗ್ರಾಮಿಗಿಂತ ಹೆಚ್ಚು ಕಲೆಸಬೇಡಿ, ಕಲೆಸಿದ್ದನ್ನು ಲೋಟದಲ್ಲಿ ಬಿಡದೆ ಅಗಲ ತಟ್ಟೆಗೆ ಸುರಿಯಿರಿ. ಏಪ್ರಿಲ್ ಸೆಕೆಯಲ್ಲಿ ಲೋಟದಲ್ಲೇ ಹೊಗೆಯಾಡಿ ಗಟ್ಟಿಯಾದದ್ದು ಎರಡು ಸಲ.

ಇನ್ನೊಂದು ಮುಖ್ಯ ಸಂಗತಿ ಹೊತ್ತು. ಬೆಳಿಗ್ಗೆ ಬರಿಮರಕ್ಕೆ ರೆಸಿನ್ ಬಳಿದರೆ, ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆಗಳಾಗಿ ಹೊರಬರುತ್ತದೆ, ಒಂದೊಂದು ಗುಳ್ಳೆಯೂ ಒಂದು ತೂತು. ಸಂಜೆ ನಾಲ್ಕೂವರೆಯ ಮೇಲೆ, ಮರ ತಣಿಯತೊಡಗಿದಾಗ ಬಳಿದರೆ ಮರ ರೆಸಿನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇದೊಂದು ತಿಳಿದ ಮೇಲೆ ನನ್ನ ಕೋಟುಗಳು ಗಾಜಿನ ಹಾಗೆ ಬಂದವು.

ಮೊದಲು ಎರಡೂ ಓರೆಗಳಿಗೆ ಬರಿಯ ರೆಸಿನ್, ಹತ್ತು ಹದಿನೈದು ನಿಮಿಷ ಕುಡಿಯಲು ಬಿಡಿ. ಒಣಗಿದಂತೆ ಕಂಡಲ್ಲಿ ಇನ್ನೊಮ್ಮೆ. ಆಮೇಲೆ ಪುಡಿ ಸೇರಿಸಿ ಇಡ್ಲಿ ಹಿಟ್ಟಿನ ಹದಕ್ಕೆ ತಂದು ಹಚ್ಚಬೇಕು. ಪುಡಿ ಎಂದರೆ ಸಿಲ್ವರ್ ಓಕಿನ ಹೊಟ್ಟು, ಮಲ್‌ ಬಟ್ಟೆಯಲ್ಲಿ ಜರಡಿ ಹಿಡಿದದ್ದು, ಜೊತೆಗೆ ಸ್ವಲ್ಪ ಫ್ಯೂಮ್ಡ್ ಸಿಲಿಕಾ. ತೇಗದ ಹೊಟ್ಟು ಬೇಡ, ಎಣ್ಣೆ ಇರುತ್ತದೆ. ಮೂಲೆಯ ಫಿಲೆಟ್ಟಿಗೆ (ಒಳಮೂಲೆ ತುಂಬುವ ಅಂಟಿಗೆ) ಕಡುಬಿನ ಹಿಟ್ಟಿನ ಹದ. ಅದಕ್ಕೆ ನಾನು ಸೇರಿಸುವ ಮೂರನೆಯ ಪುಡಿ ಯಾವುದು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ತೇಪೆಯ ಮೇಲೆ ಪಾಲಿಥಿನ್, ಅದರ ಮೇಲೆ ಮರಳಿನ ಚೀಲ. ತಳದ ಬಾಗಿಗೆ ಮರಳು ತಾನೇ ಹೊಂದಿಕೊಳ್ಳುತ್ತದೆ. ಕ್ಲ್ಯಾಂಪಿನಲ್ಲಿ ಬಿಗಿದು ಹಿಂಡಿದರೆ ಅಂಟೆಲ್ಲ ಹೊರಬಂದು ಜೋಡಣೆ ಹಸಿದು ಉಳಿಯುತ್ತದೆ. ಜಾರದಂತೆ ನಾಲ್ಕು ಸ್ಕ್ರೂ ಸಾಕು, ಮೇಣದ ಬತ್ತಿಗೆ ಉಜ್ಜಿ ಹಾಕಿ. ಮರುದಿನ ತೆಗೆದು ಆ ತೂತಿಗೆ ಬಿದಿರಿನ ಕಡ್ಡಿಯನ್ನು ಎಪಾಕ್ಸಿಯಲ್ಲಿ ಅದ್ದಿ ಹೊಡೆದರೆ ಲೋಹವೇ ಉಳಿಯುವುದಿಲ್ಲ. ಹಿಂದಿನ ಯಾವುದೋ ರಿಪೇರಿಯಲ್ಲಿ ಹೊಡೆದಿದ್ದ ಕಬ್ಬಿಣದ ಮೊಳೆ ಒಂದೊಂದರ ಸುತ್ತಲೂ ನಾಲ್ಕಾಣೆ ಅಗಲದ ಕಪ್ಪು ಕೊಳೆತ ಇತ್ತು.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಸೆಂಟರ್‌ಬೋರ್ಡ್ ಕೇಸ್. ಪೈಪಿಗೆ ಹಚ್ಚುವ ಪುಟ್ಟಿ, ಸಿಲಿಕೋನ್, ಟಾರು, ಎಲ್ಲವೂ ಅದರ ಬುಡದಲ್ಲಿ ಪದರ ಪದರವಾಗಿ ಸಿಕ್ಕಿದವು. ಯಾವುದೂ ನಿಲ್ಲದಿರುವುದಕ್ಕೆ ಕಾರಣ ಸರಳ. ಗಾಳಿಗೆದುರು ಓಡುವಾಗ ಬೋರ್ಡು ಕೇಸನ್ನು ಪಕ್ಕಕ್ಕೆ ತಿರುಚುತ್ತದೆ, ಬುಡ ಪ್ರತಿ ಟ್ಯಾಕಿಗೂ (ದೋಣಿ ಗಾಳಿಯ ಇನ್ನೊಂದು ಮಗ್ಗುಲಿಗೆ ತಿರುಗಿದಾಗಲೂ) ಅತ್ತಿತ್ತ ಆಡುತ್ತದೆ. ಅಡ್ಡಹಲಗೆಗೆ ಕೇಸಿನ ತಲೆ ಬಿಗಿಯಾಗಿಲ್ಲದಿದ್ದರೆ ಬುಡಕ್ಕೆ ಏನು ತುಂಬಿದರೂ ಒಂದೇ. ನನ್ನ ದೋಣಿಯಲ್ಲಿ ಅಡ್ಡಹಲಗೆಯ ಸ್ಕ್ರೂಗಳು ಕೈಯಲ್ಲೇ ತಿರುಗುತ್ತಿದ್ದವು. ಆದ್ದರಿಂದ ಮೊದಲು ಮೇಲೆ ಬಿಗಿ, ಆಮೇಲೆ ಕೆಳಗೆ.

ಕೇಸನ್ನು ಪೂರ್ತಿ ಎಬ್ಬಿಸಿದೆ. ಹ್ಯಾಕ್ಸಾ ಬ್ಲೇಡನ್ನು ಬಟ್ಟೆ ಸುತ್ತಿ ಕೈಯಲ್ಲಿ ಹಿಡಿದು ಬುಡ ಕೊಯ್ದು, ಅದರ ಹಿಂದಿನ ಹಾಗ್ ಸುಮಾರು 1.1 ಮೀಟರ್ ಕತ್ತರಿಸಿ ತೆಗೆದೆ. ಹೊಸ ಹಾಗಿಗೆ ಹೆಬ್ಬಲಸು. ನಮ್ಮ ಕರಾವಳಿಯ ದೋಣಿ ಬಡಗಿಗಳ ಮರ, ತೇಗಕ್ಕಿಂತ ಹಗುರ, ನೀರಿಗೆ ಹೆದರುವುದಿಲ್ಲ. ತೇಗವೇ ಬೇಕೆಂದರೆ ಅಂಟಿಸುವ ಮೈಯನ್ನು ಅಸಿಟೋನಿನಲ್ಲಿ ಒರೆಸಿ ಅರ್ಧ ಗಂಟೆಯೊಳಗೆ ಅಂಟಿಸಿಬಿಡಿ. ಕೇಸಿನ ಒಳಮೈ ಕೂರಿಸುವ ಮುಂಚೆಯೇ ಮುಗಿಸಬೇಕು, ಆಮೇಲೆ ಕೈ ಹೋಗುವುದಿಲ್ಲ. ಮೂರು ಕೋಟು ರೆಸಿನ್, ಕೊನೆಯದಕ್ಕೆ ತೂಕದಲ್ಲಿ ಹತ್ತನೇ ಒಂದರಷ್ಟು ಗ್ರಾಫೈಟ್ ಪುಡಿ. ಇದು ಸುಮ್ಮನೆ ಮಾಡಿ ನೋಡಿದ ಪ್ರಯೋಗ, ಅದ್ಭುತವಾಗಿ ಫಲ ಕೊಟ್ಟಿತು: ಬೋರ್ಡು ಈಗ ಎರಡು ಬೆರಳಲ್ಲಿ ಏರಿಳಿಯುತ್ತದೆ. ಬೋರ್ಡಿಗೂ ಕೇಸಿಗೂ ನಡುವೆ ಪಕ್ಕಕ್ಕೆ ಎರಡೂವರೆ ಮೂರು ಮಿ.ಮೀ. ಇರಲಿ, ಮಳೆಗಾಲದಲ್ಲಿ ಮರ ಊದುತ್ತದೆ. ಕೇಸನ್ನು ಹಾಗಿನ ಮೇಲೆ ಕೂದಲೆಳೆ ಡೊಂಕಿಲ್ಲದೆ ನಿಲ್ಲಿಸಲು ನಾನು ಕಟ್ಟಿಕೊಂಡ ಚೌಕಟ್ಟಿನ ಅಳತೆಯನ್ನು ಎದುರಿಗೆ ಬಂದವರಿಗೆ ತೋರಿಸುತ್ತೇನೆ, ಬರೆದು ತಿಳಿಸುವಂಥದ್ದಲ್ಲ.

ಫೈಬರ್ ಹೊದಿಸುವವರ ಮಾತನ್ನು ಪರೀಕ್ಷಿಸದೆ ಬಿಡಲಿಲ್ಲ. ಬಲಗಡೆ ಚೈನಿನ ಎರಡಡಿ ಉದ್ದಕ್ಕೆ ಪಾಲಿಯೆಸ್ಟರ್ ರೆಸಿನ್ ಮತ್ತು ಚಾಪ್ಡ್ ಮ್ಯಾಟ್ (ಗಾಜಿನ ನಾರಿನ ಚಾಪೆ) ಹಾಕಿ ಒಂದು ಮಳೆಗಾಲ ಓಡಿಸಿದೆ. ದೀಪಾವಳಿಗೆ ಅಂಚು ಎದ್ದಿತ್ತು, ಎಳೆದರೆ ಹಿತಕಿದ ಅವರೆಯ ಸಿಪ್ಪೆಯ ಹಾಗೆ ಇಡಿಯಾಗಿ ಬಂತು. ಅಡಿಯಲ್ಲಿ ಮರ ಒದ್ದೆ. ಪಾಲಿಯೆಸ್ಟರ್ ಮರವನ್ನು ಹಿಡಿಯುವುದಿಲ್ಲ, ನೀರನ್ನು ಮಾತ್ರ ಒಳಗೆ ಹಿಡಿದಿಡುತ್ತದೆ. ಇಡೀ ತಳಕ್ಕೆ ಹೊದಿಸಲು ಕೇಳಿದ್ದು ಮೂವತ್ತು ಸಾವಿರದ ಹತ್ತಿರ, ಮೇಲೆ ಹದಿನೈದು ಕಿಲೋ ಭಾರ ಬೇರೆ.

ಕೊಳೆತಕ್ಕೆ ಮದ್ದಿನ ಪ್ರಯೋಗ ಎರಡು. ಗೇರುಸಿಪ್ಪೆ ಎಣ್ಣೆಯನ್ನು ಕರಾವಳಿಯವರು ದೋಣಿಗೆ ಬಳಿಯುವುದನ್ನು ನೋಡಿ ಅಡಿಹಲಗೆಯೊಂದಕ್ಕೆ ಬಳಿದೆ. ಚರ್ಮ ಸುಡುತ್ತದೆ, ಕೈಗವಸು ಬೇಕೇ ಬೇಕು. ಎರಡು ತಿಂಗಳಾದರೂ ಅಂಟಂಟು. ಅದರ ಮೇಲೆ ಎಪಾಕ್ಸಿ ಹಿಡಿಯಲಿಲ್ಲ. ಎಪಾಕ್ಸಿ ಕೆಲಸ ಇರುವ ದೋಣಿಗೆ ಅದು ಸಲ್ಲದು. ಬಿಳಿಗಾರ ಆರು ಪಾಲು, ಬೋರಿಕ್ ಆಸಿಡ್ ನಾಲ್ಕು ಪಾಲು ಬಿಸಿನೀರಿನಲ್ಲಿ ಕರಗಿಸಿ ಕಿಂಡಿಯಂಚಿಗೆ ಹಚ್ಚಿದ್ದು ಒಳ್ಳೆಯದಾಯಿತು. ಒಣಗಿದ ಮೇಲೆ ಬಿಳಿ ಹರಳು ಮೇಲೆ ನಿಲ್ಲುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಣಗಿಸಿ, ಉಜ್ಜಿ, ಆಮೇಲೆಯೇ ಅಂಟು.

ಪೇಂಟು ಎರಡು ಪ್ಯಾಕಿನ ಪಾಲಿಯುರೆಥೇನ್. ಹಚ್ಚದೆ ಬಿಟ್ಟರೆ ಎಪಾಕ್ಸಿ ಬಿಸಿಲಿಗೆ ಸುಣ್ಣವಾಗುತ್ತದೆ. ಮಳೆಗಾಲದ ತೇವದಲ್ಲಿ ಗಟ್ಟಿಯಾದ ಎಪಾಕ್ಸಿ ಮೇಲೆ ಮೇಣದಂಥ ಪೊರೆ ಬರುತ್ತದೆ, ಅದನ್ನು ಮೊದಲು ನೀರಿನಲ್ಲಿ ಉಜ್ಜಿ ತೊಳೆಯಬೇಕು. ನೇರ ಸ್ಯಾಂಡ್ ಮಾಡಿದರೆ ಒಳಕ್ಕೇ ಒರೆಸಿದಂತೆ. ಹಾಯಿಗೆ ಹೊಂದಲೆಂದು ಕಡುನೀಲಿ ಬಳಿದದ್ದು ತಪ್ಪು. ಮಧ್ಯಾಹ್ನ ಮೈ ಮುಟ್ಟಲಾಗದಷ್ಟು ಕಾದು, ಬಿಸಿಯಲ್ಲಿಟ್ಟು ಹದಗೊಳಿಸದ ಎಪಾಕ್ಸಿ ಮೆತ್ತಗಾಗಿ, ತೇಪೆಯ ಗಡಿಗಳೆಲ್ಲ ಮೇಲೆ ಮೂಡಿದವು. ಮತ್ತೆ ಉಜ್ಜಿ ಬಿಳಿ ಹೊಡೆದೆ. ಎರಡು ಸಾವಿರ ನಷ್ಟ.

ಮಾಸ್ಟಿನ (ಹಾಯಿಗಂಬದ) ರಿವೆಟ್ಟುಗಳ ಕೆಳಗೆ ಜಿಂಕ್ ಕ್ರೋಮೇಟ್ ಪೇಸ್ಟ್, ಕಂಬವನ್ನು ಬಿಗಿದು ಹಿಡಿಯುವ ಹೊಸ ಸ್ಟೇ ತಂತಿ, ಹಾಯಿಯ ಬಿಸಿಲು ತಿಂದ ಹೊಲಿಗೆಗೆ ಪಾಲಿಯೆಸ್ಟರ್ ದಾರ. ಇವು ಎಲ್ಲರೂ ಮಾಡುವುದೇ. ಒಟ್ಟು ಖರ್ಚು ಮೂವತ್ತೇಳು ಸಾವಿರದ ಹತ್ತಿರ, ಅದರಲ್ಲಿ ಎಂಟೂವರೆ ಸಾವಿರ ತಪ್ಪುಗಳಿಗೆ. ಒಂಬತ್ತು ಕಿಲೋ ರೆಸಿನ್ ತಂದದ್ದು, ಆರು ದೋಣಿಯಲ್ಲಿದೆ. ಸ್ಯಾಂಡ್‌ಪೇಪರಿಗೇ ಮೂರೂವರೆ ಸಾವಿರ ಆದದ್ದು ಮೊದಲು ಯಾರ ಲೆಕ್ಕದಲ್ಲೂ ಇರುವುದಿಲ್ಲ, ಇಟ್ಟುಕೊಳ್ಳಿ.

ಮುಗಿದ ದಿನ ಹಲ್ ತೂಗಿದರೆ 107. ಎರಡನೇ ಮಳೆಗಾಲದ ನಂತರ 108. ಈಗ ಡ್ರೈನ್ ಪ್ಲಗ್ ತೆಗೆದು, ಮೂತಿ ಒಂದಡಿ ಎತ್ತರಿಸಿ, ಟಾರ್ಪಾಲಿನ ಕೆಳಗೆ ಬಿದಿರಿನ ಗಳ ಕೊಟ್ಟು ಇಟ್ಟಿದ್ದೇನೆ, ನೀರು ಎಲ್ಲೂ ನಿಲ್ಲುವುದಿಲ್ಲ. ಆ ಒಂದು ಕಿಲೋ ಎಲ್ಲಿಂದ ಬಂತೆಂದು ತಟ್ಟಿ ನೋಡಿದೆ: ಫೋರ್‌ಡೆಕ್ಕಿನ ಅಂಚಿನಲ್ಲಿ, ಮಾಸ್ಟಿನ ಪಕ್ಕ, ಒಂದು ಗೇಣು ಜಾಗ ದಬ್ ಎನ್ನುತ್ತದೆ. ಈ ಫೆಬ್ರವರಿಯ ಕೆಲಸ ಅದು.