ಬೇಸಿಗೆಯಲ್ಲಿ ಮರದ ಬಾಯಾರಿಕೆ ಅಳೆಯುವುದು ಹೇಗೆ: ವಿದ್ಯಾರ್ಥಿಗಳಿಗೊಂದು ಪ್ರಾಜೆಕ್ಟ್

ಮಂಗಳೂರು, ಉಡುಪಿಯ ಮುರಕಲ್ಲಿನ ಮಣ್ಣು ಡಿಸೆಂಬರ್‌ನಿಂದ ಮೇವರೆಗೆ ಒಣಗುತ್ತಲೇ ಹೋಗುತ್ತದೆ. ಆಗ ಮರಗಳು ಹೇಗೆ ತಾಳಿಕೊಳ್ಳುತ್ತವೆ ಎಂಬುದನ್ನು ಬಿಎಸ್ಸಿ ಲ್ಯಾಬಿನಲ್ಲೇ ಅಳೆಯಬಹುದು. ಬೇಕಾದದ್ದು ಎಲೆಯ ಸಾಪೇಕ್ಷ ನೀರಿನಂಶ, ಅಂದರೆ ಎಲೆ ಹಿಡಿಯಬಲ್ಲ ಪೂರ್ತಿ ನೀರಿನಲ್ಲಿ ಈಗ ಶೇಕಡಾ ಎಷ್ಟಿದೆ ಎಂಬ ಲೆಕ್ಕ.

ಎರಡು ಜಾತಿ ಸಾಕು: ಎಲೆ ಉದುರಿಸುವ ಮರುವ, ಸದಾ ಹಸಿರಾದ ಕಿರಾಲ್‌ಬೋಗಿ. ತಲಾ ಐದು ಮರ. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅರ್ಜಿ ನವೆಂಬರ್‌ನಲ್ಲೇ ಹಾಕಿ. ನಾಗಬನದ ಎಲೆ ಮಾತ್ರ ಕೀಳಲೇಬೇಡಿ.

ಹದಿನೈದು ದಿನಕ್ಕೊಮ್ಮೆ, ಸೂರ್ಯ ಹುಟ್ಟುವ ಮೊದಲು ಮತ್ತು ಮಧ್ಯಾಹ್ನ ಒಂದಕ್ಕೆ, ಬಿಸಿಲು ಬೀಳುವ ಬದಿಯ ಬಲಿತ ಎಲೆಗಳನ್ನೇ ಕೊಯ್ಯಿರಿ. ಚಿಗುರು ಸೇರಿದರೆ ಹೋಲಿಕೆ ಕೆಡುತ್ತದೆ. ಜಿಪ್ ಕವರಿಗೆ ಹಾಕಿ, ಐಸ್ ಬಾಕ್ಸಿನಲ್ಲಿಟ್ಟು ಆದಷ್ಟು ಬೇಗ ಲ್ಯಾಬಿಗೆ ತನ್ನಿ.

ಕಾರ್ಕ್ ಬೋರರ್‌ನಿಂದ (ದುಂಡಗೆ ಕತ್ತರಿಸುವ ಲೋಹದ ಕೊಳವೆ) ಎಲೆಯ ಹತ್ತು ಬಿಲ್ಲೆ ಕತ್ತರಿಸಿ, ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಡಿಸ್ಟಿಲ್ಡ್ ನೀರಲ್ಲಿ 4 ಗಂಟೆ ತೇಲಬಿಟ್ಟು, ಟಿಶ್ಯೂವಿನಿಂದ ಮೆಲ್ಲಗೆ ಒತ್ತಿ ಮತ್ತೆ ತೂಗಿ. ಕೊನೆಗೆ ಓವನ್‌ನಲ್ಲಿ 80 ಡಿಗ್ರಿಗೆ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. ಸಾಮಾನ್ಯವಾಗಿ 48 ಗಂಟೆ ಸಾಕು.

ಹಸಿ ತೂಕ 0.50 ಗ್ರಾಂ, ನೀರು ಕುಡಿದ ತೂಕ 0.60, ಒಣ ತೂಕ 0.20 ಎಂದುಕೊಳ್ಳಿ. ಒಣ ತೂಕವನ್ನು ಮೊದಲೆರಡರಿಂದಲೂ ಕಳೆದರೆ 0.30 ಮತ್ತು 0.40. ಭಾಗಿಸಿದರೆ ಶೇ. 75.

ಹೆಚ್ಚಿನವರು ಎಡವುವುದು ಒಣ ತೂಕದಲ್ಲಿ. ನಮ್ಮ ಕರಾವಳಿಯ ಗಾಳಿಯಲ್ಲಿ ಒಣಗಿದ ಬಿಲ್ಲೆ ಬೇಗನೆ ತೇವ ಹೀರುತ್ತದೆ. 0.20 ಇದ್ದದ್ದು 0.25 ಆದರೆ ಉತ್ತರ ಶೇ. 71ಕ್ಕೆ ಇಳಿದು, ಮರಕ್ಕೆ ಇಲ್ಲದ ಬರ ಕಾಣಿಸುತ್ತದೆ. ಓವನ್‌ನಿಂದ ತೆಗೆದದ್ದನ್ನು ನೇರ ಡೆಸಿಕೇಟರಿಗೆ (ಒಳಗಿನ ಗಾಳಿಯನ್ನು ಒಣದಾಗಿಡುವ ಮುಚ್ಚಿದ ಪಾತ್ರೆ) ಹಾಕಿ, ಆರಿದ ತಕ್ಷಣ ತೂಗಿ.