ಒಂದು ಗಿಡಕ್ಕೆ ಒಂದು ಗಂಟು: ಮಳೆಗಾಲದಲ್ಲಿ ಮಕ್ಕಳ ಜೊತೆ ಮದ್ದಿನ ಸೊಪ್ಪು ತರಲು ಹೋಗುವವರಿಗೆ

ಆಷಾಢ ಮುಗಿಯುವ ಹೊತ್ತಿಗೆ ಮಗನ ಸಂಸಾರ ಬೆಂಗಳೂರಿನಿಂದ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬರುತ್ತದೆ. ಒಂದು ರಾತ್ರಿ ಇಲ್ಲಿದ್ದು, ಮರುದಿನ ಎಲ್ಲರೂ ಒಂದೇ ಕಾರಿನಲ್ಲಿ ಆಗುಂಬೆ ಘಾಟಿ ಇಳಿದು ಹೆಬ್ರಿ ಕಡೆಯ ಮಗಳ ಮನೆಗೆ ಅಮಾವಾಸ್ಯೆ ಹಬ್ಬಕ್ಕೆ ಹೋಗುತ್ತೇವೆ. ನಮಗೆ ಅದು ಭೀಮನ ಅಮಾವಾಸ್ಯೆ, ಮಗಳ ಗಂಡನ ಮನೆಯವರಿಗೆ ತುಳುವರ ಆಟಿ ತಿಂಗಳಲ್ಲಿ ಬರುವ ಆಟಿ ಅಮಾವಾಸ್ಯೆ. ಸಾಮಾನ್ಯವಾಗಿ ಎರಡೂ ಒಂದೇ ದಿನ ಬರುತ್ತವೆ. ದಾರಿಯುದ್ದಕ್ಕೂ ನೆಂಟರ ತೋಟ, ಗದ್ದೆ ಬದುಗಳಲ್ಲಿ ನಿಂತು ನಿಂತು ಸೊಪ್ಪು, ಬಳ್ಳಿ ಕೊಯ್ಯುವುದು ನಮ್ಮ ಮನೆಯ ರೂಢಿ. ಈಗ ಊರಿಂದ ದೂರ ಇರುವ ಎಷ್ಟೋ ಮನೆಗಳವರಿಗೆ ಹೀಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಆಸೆ ಇದೆ. ಖಂಡಿತ ಹೋಗಿ. ಆದರೆ ಒಂದು ಸಲಕ್ಕೆ ನಾಲ್ಕು ಗಿಡ ಸಾಕು. ಆ ನಾಲ್ಕನ್ನು ಕಣ್ಣು, ಮೂಗು, ಬೆರಳು ಮೂರರಿಂದಲೂ ಗುರುತು ಮಾಡಿಕೊಂಡು ಬನ್ನಿ.

ಮೊದಲ ವರ್ಷ ನಾವು ಹಾಗೆ ಮಾಡಲಿಲ್ಲ. ಎಲ್ಲರಿಗೂ ಉತ್ಸಾಹ. ಸಿಕ್ಕಿದ್ದನ್ನೆಲ್ಲ ಕೊಯ್ದು ಒಂದೇ ಪ್ಲಾಸ್ಟಿಕ್ ಕವರಿಗೆ ತುಂಬಿ ಡಿಕ್ಕಿಯಲ್ಲಿ ಇಟ್ಟೆವು. ಸಂಜೆ ಮಗಳ ಮನೆಯಲ್ಲಿ ಬಿಚ್ಚಿದರೆ ಸೊಪ್ಪೆಲ್ಲ ಬೆವತು, ಕಪ್ಪಾಗಿ, ಒಂದಕ್ಕೊಂದು ಅಂಟಿಕೊಂಡಿತ್ತು. ಯಾವ ಎಲೆ ಯಾವುದು ಅಂತ ಬಿಡಿಸಿ ಹೇಳಲು ನನಗೇ ಆಗಲಿಲ್ಲ. ಅಷ್ಟನ್ನೂ ತೆಂಗಿನ ಬುಡಕ್ಕೆ ಸುರಿದೆ. ಸೊಸೆಗೆ ಬೇಜಾರಾಯಿತು. ಆದರೆ ಅನುಮಾನ ಬಂದ ಸೊಪ್ಪು ಒಲೆಗೆ ಹೋಗಬಾರದು, ಅದರಲ್ಲಿ ರಾಜಿ ಇಲ್ಲ.

ಅಂದಿನಿಂದ ಒಂದು ಗಿಡಕ್ಕೆ ಒಂದು ಗಂಟು. ಹಳೆಯ ಹತ್ತಿ ಪಂಚೆಯನ್ನು ಚೌಕ ಚೌಕ ಹರಿದು ಇಟ್ಟುಕೊಂಡಿದ್ದೇನೆ. ಅದನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಸೊಪ್ಪನ್ನು ಬೇರು ಇರುವ ಕಡೆಯೆಲ್ಲ ಒಂದೇ ಬದಿಗೆ ಬರುವ ಹಾಗೆ ಇಟ್ಟು ಸುತ್ತುತ್ತೇವೆ. ಬಾಳೆ ಎಲೆ ಸಿಕ್ಕರೆ ಮೇಲೊಂದು ಸುತ್ತು. ಬಿದಿರಿನ ಬುಟ್ಟಿಯಲ್ಲಿಟ್ಟು ಕಾಲ ಬಳಿ ಇಟ್ಟುಕೊಳ್ಳುವುದು, ಡಿಕ್ಕಿಗೆ ಹಾಕುವುದಿಲ್ಲ. ಮೊದಲೇ ತೊಳೆಯಬೇಡಿ, ತೊಳೆದದ್ದು ಬೇಗ ಕೊಳೆಯುತ್ತದೆ. ಪ್ರತಿ ಗಂಟಿಗೂ ಒಂದು ಚೀಟಿ: ಹೆಸರು, ಎಲ್ಲಿ ಸಿಕ್ಕಿತು, ಯಾರು ಗುರುತು ಹೇಳಿದರು. ಪೆನ್ನಿನಲ್ಲಿ ಬರೆದರೆ ಮಳೆಗೆ ಹರಡುತ್ತದೆ, ಸೀಸದ ಕಡ್ಡಿಯಲ್ಲಿ ಬರೆಯಿರಿ. ಈ ಕೆಲಸವನ್ನು ಮಕ್ಕಳಿಗೇ ಬಿಡಿ.

ಎಲ್ಲಿ ಕೊಯ್ಯಬೇಕು ಅನ್ನುವುದು ಇನ್ನೂ ದೊಡ್ಡ ವಿಷಯ. ಆಗುಂಬೆಯಿಂದ ಕೆಳಗಿಳಿಯುವ ದಾರಿಯಲ್ಲಿ ಸೋಮೇಶ್ವರ ಅಭಯಾರಣ್ಯ ಸಿಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ಜಾಗ. ಅಲ್ಲಿ ಕಾರು ನಿಲ್ಲಿಸಿ ಕತ್ತಿ ಹಿಡಿದು ಇಳಿಯುವ ಹಾಗೇ ಇಲ್ಲ. ಹದಿನಾಲ್ಕು ತಿರುವಿನ ಆ ಘಾಟಿಯಲ್ಲಿ ಮಳೆ, ಮಂಜು ಬೇರೆ. ಮಕ್ಕಳಿಗೆ ಕಿಟಕಿಯಿಂದಲೇ ತೋರಿಸಿ. ನಾವು ಕೊಯ್ಯುವುದು ನಮ್ಮ ತೋಟ, ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟ, ನೆಂಟರ ಗದ್ದೆ ಬದು ಇಷ್ಟರಲ್ಲೇ. ಅಲ್ಲೂ ಮನೆಯವರನ್ನು ಕೇಳಿಯೇ.

ಕೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆಲ್ಲ ಕೊಳೆ ರೋಗದ ಔಷಧಿ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಗೊನೆಗೆ ಹೊಡೆದದ್ದು ಕೆಳಗಿನ ಸೊಪ್ಪಿನ ಮೇಲೂ ಬೀಳುತ್ತದೆ. ಒಂದೆಲಗ ಚೆನ್ನಾಗಿ ಹಬ್ಬುವುದೂ ಅದೇ ಅಡಿಕೆ ಮರದ ಬುಡದಲ್ಲಿ, ಬಸಿಗಾಲುವೆಯ ಅಂಚಿನಲ್ಲಿ. ಎಲೆಯ ಮೇಲೆ ತೆಳು ನೀಲಿ ಚುಕ್ಕೆ ಕಂಡರೆ ಮುಟ್ಟದೆ ಮುಂದೆ ಹೋಗಿ. ಕಾಣದಿದ್ದರೂ "ಔಷಧಿ ಯಾವಾಗ ಹೊಡೆದದ್ದು?" ಅಂತ ಕೇಳಿ. ದೊಡ್ಡ ರಸ್ತೆಯ ಬದಿಯದ್ದೂ ಬೇಡ. ಲಾರಿ ಹೊಗೆ, ಧೂಳು ಕುಡಿದ ಸೊಪ್ಪು ಮದ್ದಾಗುವುದು ಹೇಗೆ?

ಒಂದೆಲಗದಿಂದಲೇ ಶುರು ಮಾಡಿ. ಮೊಮ್ಮಗಳಿಗೆ ಎಂಟು ವರ್ಷ. ಹೋದ ವರ್ಷ ಅವಳನ್ನು ಕಾಲುವೆ ಅಂಚಿನಲ್ಲಿ ಕೂರಿಸಿ ಒಂದು ಎಲೆ ಕೈಗೆ ಕೊಟ್ಟೆ. "ಅಜ್ಜಿ, ಇದು ದುಂಡಗಿದೆ, ಒಂದು ಕಡೆ ಸೀಳಿದೆ" ಅಂದಳು. ಸರಿ. ತೊಟ್ಟು ಸೇರುವಲ್ಲಿ ಎಲೆ ಒಳಕ್ಕೆ ಸೀಳಿದ ಹಾಗಿರುತ್ತದೆ, ಅಂಚಿಗೆ ಸಣ್ಣ ಸಣ್ಣ ಅಲೆ. ಆಮೇಲೆ ಬಳ್ಳಿಯನ್ನು ಬೆರಳಿನಿಂದ ಹಿಂಬಾಲಿಸಲು ಹೇಳಿದೆ. ನೆಲದ ಮೇಲೆ ದಾರದ ಹಾಗೆ ಹರಿದು, ಗಂಟು ಗಂಟಿಗೆ ಬೇರು ಬಿಟ್ಟು, ಅಲ್ಲಿಂದ ಉದ್ದ ತೊಟ್ಟಿನ ಎಲೆ ಎದ್ದಿರುತ್ತದೆ. ಕೊನೆಗೆ ಎಲೆ ಕಿವುಚಿ ಮೂಸಿ ನೋಡಿದಳು. ಆ ಹಸಿ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ. ಅಷ್ಟರಲ್ಲಿ ಮೊಮ್ಮಗ ಫೋನಿನಲ್ಲಿ ಫೋಟೋ ತೆಗೆದು ಬೇರೆ ಯಾವುದೋ ಹೆಸರು ಹೇಳಿದ. ಫೋನು ಹೆಸರು ಹುಡುಕಲು ಸಹಾಯ ಮಾಡುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೆ ವಾಸನೆ ಗೊತ್ತಾಗುವುದಿಲ್ಲ. ಅದರ ಮಾತು ನಂಬಿ ತಿನ್ನಬೇಡಿ. ಇನ್ನೊಂದು ಗುರುತು: ತೊಟ್ಟು ಕೊಡೆಯ ಕಡ್ಡಿಯ ಹಾಗೆ ಎಲೆಯ ನಟ್ಟನಡುವಿಗೆ ಸೇರಿದ್ದರೆ ಅದು ಒಂದೆಲಗ ಅಲ್ಲ. ನರ್ಸರಿಗಳಲ್ಲಿ ಚಂದಕ್ಕೆ ಬೆಳೆಸುವ ಬೇರೆ ಗಿಡ.

ಮನೆಗೆ ತಂದ ಮೇಲೆ ಎಲೆ ಎಲೆ ಬಿಡಿಸಿ ಮೂರು ನೀರಿನಲ್ಲಿ ತೊಳೆಯಿರಿ. ತೇವದ ಜಾಗದ್ದು, ಬಸವನಹುಳ ಓಡಾಡಿರುತ್ತದೆ. ತಂಬುಳಿಗೆ ಹಸಿ ಎಲೆಯನ್ನೇ ಅರೆಯುವವರೂ ಇದ್ದಾರೆ. ನಾನು ಕಾಲುವೆಯ ಸೊಪ್ಪನ್ನು ಹುರಿಯದೆ ಬಳಸುವುದಿಲ್ಲ. ಒಂದು ಚಮಚ ತುಪ್ಪಕ್ಕೆ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹಾಕಿ, ಸಿಡಿದ ಮೇಲೆ ಒಂದು ಮುಷ್ಟಿ ಸೊಪ್ಪು ಹಾಕಿ ಪೂರ್ತಿ ಬಾಡುವವರೆಗೆ ಹುರಿಯಿರಿ. ಆರಿದ ಮೇಲೆ ಅರ್ಧ ಬಟ್ಟಲು ಕಾಯಿತುರಿ ಜೊತೆ ನುಣ್ಣಗೆ ಅರೆದು, ಎರಡು ಲೋಟ ಮಜ್ಜಿಗೆ, ಉಪ್ಪು ಸೇರಿಸಿ. ಮತ್ತೆ ಕುದಿಸಬೇಡಿ. ತುಪ್ಪದಲ್ಲಿ ಸಾಸಿವೆ, ಒಣಮೆಣಸಿನ ಒಗ್ಗರಣೆ. ಮಳೆ ಸುರಿಯುವ ಮಧ್ಯಾಹ್ನ ಬಿಸಿ ಅನ್ನಕ್ಕೆ ಇದಿದ್ದರೆ ಮಕ್ಕಳು ಬೇರೇನೂ ಕೇಳುವುದಿಲ್ಲ.

ಎರಡನೆಯದು ಚಗಟೆ ಸೊಪ್ಪು. ಮಗಳ ಮನೆ ಕಡೆ ತಜಂಕ್ ಅನ್ನುತ್ತಾರೆ. ಮೊದಲ ಮಳೆಗೆ ಎದ್ದು ಬರುವ ಎಳೆ ಕುಡಿಯನ್ನು ಹಲಸಿನ ಬೀಜದ ಜೊತೆ ಪಲ್ಯ ಮಾಡುತ್ತಾರೆ. ಇಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. ಚಗಟೆಗೆ ಒಂದು ಕಡ್ಡಿಯಲ್ಲಿ ಮೂರೇ ಜೋಡಿ ಎಲೆ, ತುದಿ ದುಂಡು. ಇದರ ದಾಯಾದಿ ಒಂದಿದೆ, ಸೆನ್ನಾ ಆಕ್ಸಿಡೆಂಟಾಲಿಸ್. ಅದಕ್ಕೆ ನಾಲ್ಕೈದು ಜೋಡಿ ಎಲೆ, ತುದಿ ಚೂಪು, ಮುರಿದರೆ ಕೆಟ್ಟ ವಾಸನೆ. ಪಶ್ಚಿಮ ಉತ್ತರ ಪ್ರದೇಶದಲ್ಲಿ ವರ್ಷ ವರ್ಷವೂ ಚಿಕ್ಕ ಮಕ್ಕಳು ಸಾಯುತ್ತಿದ್ದರು. ಅದಕ್ಕೆ ಕಾರಣ ಆಟವಾಡುತ್ತಾ ಈ ಗಿಡದ ಬೀಜ ತಿಂದದ್ದು ಅಂತ ವೈದ್ಯರು ಪತ್ತೆ ಮಾಡಿದರು. ಹಾಗಾಗಿ ನಮ್ಮ ಮಕ್ಕಳು ಜೋಡಿ ಎಣಿಸಿ ಜೋರಾಗಿ ಹೇಳಿದ ಮೇಲೆಯೇ ಕುಡಿ ಬುಟ್ಟಿಗೆ ಬೀಳುತ್ತದೆ.

ಸೊಗದೆ ಬೇರನ್ನು ತೋರಿಸಿ, ಕೀಳಬೇಡಿ. ತೆಳು ಬಳ್ಳಿ, ಎಲೆಯ ನಡುವೆ ಬಿಳಿ ನಾಮ ಎಳೆದ ಹಾಗಿರುತ್ತದೆ. ಬುಡದ ಮಣ್ಣು ಸ್ವಲ್ಪ ಸರಿಸಿ, ಬೇರನ್ನು ಉಗುರಿನಿಂದ ಗೀರಿ ಮೂಸಿದರೆ ಘಮ್ ಅನ್ನುತ್ತದೆ. ಅಷ್ಟು ಮಾಡಿ ಮಣ್ಣು ಮುಚ್ಚಿಬಿಡಿ. ಎಲೆ ಕೊಯ್ದರೆ ಗಿಡ ಮತ್ತೆ ಚಿಗುರುತ್ತದೆ, ಬೇರು ಕಿತ್ತರೆ ಗಿಡವೇ ಹೋಯಿತು. ಶರಬತ್ತಿಗೆ ಬೇರು ಬೇಕಾದರೆ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ.

ಅಮೃತಬಳ್ಳಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಮರದಿಂದ ದಾರದ ಹಾಗೆ ಬೇರು ಇಳಿಬಿಟ್ಟಿರುತ್ತದೆ. ಕಾಂಡದ ಮೇಲಿನ ಸಿಪ್ಪೆ ಕಾಗದದ ಹಾಗೆ ಸುಲಿದು ಬರುತ್ತದೆ, ಒಳಗೆ ಹಸಿರು. ಅಡ್ಡ ಕೊಯ್ದರೆ ಗಾಡಿ ಚಕ್ರದ ಕಡ್ಡಿಗಳ ಹಾಗೆ ಕಾಣುತ್ತದೆ. ಗುರುತು ಕಲಿಯಿರಿ, ಆದರೆ ದಿನಾ ಕಷಾಯ ಮಾಡಿ ಕುಡಿಯುವ ಅಭ್ಯಾಸ ಬೇಡ. ಕೋವಿಡ್ ಸಮಯದಲ್ಲಿ ಹಾಗೆ ಕುಡಿದವರಲ್ಲಿ ಕೆಲವರಿಗೆ ಲಿವರ್ ಕೆಟ್ಟದ್ದನ್ನು ಮುಂಬೈಯ ವೈದ್ಯರು ವರದಿ ಮಾಡಿದ್ದಾರೆ. ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ತಿನ್ನುವವರು, ಬಸುರಿ ಬಾಣಂತಿಯರು, ಚಿಕ್ಕ ಮಕ್ಕಳು, ಇವರಿಗೆ ಯಾವ ಕಷಾಯವನ್ನೂ ವೈದ್ಯರನ್ನು ಕೇಳದೆ ಕೊಡಬೇಡಿ. ಅಡುಗೆಯ ಸೊಪ್ಪು ಬೇರೆ, ಮದ್ದು ಬೇರೆ.

ಮುಟ್ಟಬಾರದ ಗಿಡಗಳನ್ನೂ ಅದೇ ದಿನ ತೋರಿಸಿ. ಬೇಲಿಯಲ್ಲಿ ಕೆಂಪು ಹಳದಿ ಜ್ವಾಲೆಯ ಹಾಗೆ ಅರಳುವ ಗೌರಿ ಹೂವನ್ನು ಯಾವ ಮಗುವೂ ಕೀಳದೆ ಬಿಡುವುದಿಲ್ಲ. ಅದರ ಗಡ್ಡೆ ಕಾಡುಗೆಣಸಿನ ಹಾಗೇ ಕಾಣುತ್ತದೆ, ತಿಂದರೆ ಪ್ರಾಣಕ್ಕೇ ಅಪಾಯ. ಗುಲಗಂಜಿ ಬೀಜವೂ ಅಷ್ಟೇ. ಬಣ್ಣ ನೋಡಿ ಜೇಬಿಗೆ ಹಾಕಿಕೊಳ್ಳುತ್ತಾರೆ, ಆಮೇಲೆ ಬಾಯಿಗೆ. ಕಾರು ಹತ್ತುವ ಮೊದಲು ಜೇಬು ನೋಡಿ, ಕೈ ಸೋಪಿನಿಂದ ತೊಳೆಸಿ.

ಉಂಬಳಕ್ಕೆ, ಅಂದರೆ ಮಳೆಗಾಲದ ನೆಲದ ಜಿಗಣೆಗೆ, ಹೆದರಿ ಮಕ್ಕಳನ್ನು ಕಾರಲ್ಲೇ ಕೂರಿಸಬೇಡಿ. ಹಳೇ ಕಾಲುಚೀಲದ ಒಳಗೆ ಪ್ಯಾಂಟಿನ ತುದಿ ಸೇರಿಸಿ, ಮೇಲೆ ಕೊಬ್ಬರಿ ಎಣ್ಣೆ ಸವರಿ. ಒಂದು ಕೋಲಿನ ತುದಿಗೆ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿಕೊಂಡರೆ ಆಯಿತು. ಉಂಬಳ ಹತ್ತಿದರೆ ಗಂಟನ್ನು ಒದ್ದೆ ಮಾಡಿ ತಾಗಿಸಿ, ತಾನೇ ಬಿಡುತ್ತದೆ.

ಈಗ ಆಟಿ ಅಮಾವಾಸ್ಯೆಯ ವಿಷಯ. ನನಗೆ ಪ್ರತಿ ವರ್ಷ ಇದೇ ಚಿಂತೆ. ಅವತ್ತು ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ತರುತ್ತಾರೆ. ತುಳುವಿನಲ್ಲಿ ಪಾಲೆದ ಕೆತ್ತೆ. ಅದನ್ನು ಬೆಳ್ಳುಳ್ಳಿ, ಕಾಳುಮೆಣಸು, ಓಮದ ಜೊತೆ ಅರೆದು ರಸ ತೆಗೆದು, ಕಾಯಿಸಿದ ಬೆಣಚುಕಲ್ಲನ್ನು ಚುಂಯ್ ಅಂತ ಅದರಲ್ಲಿ ಅದ್ದುತ್ತಾರೆ. ಖಾಲಿ ಹೊಟ್ಟೆಗೆ ಕಷಾಯ, ಆಮೇಲೆ ಮೆಂತೆ ಗಂಜಿ. ಪದ್ಧತಿ ಚೆಂದವೇ. ತೊಂದರೆ ಇರುವುದು ಕತ್ತಲೆಯಲ್ಲಿ. ಅದೇ ಗುಡ್ಡದಲ್ಲಿ ಕಾಸರಕದ ಮರವೂ ಇರುತ್ತದೆ. ಅದರ ತೊಗಟೆ, ಬೀಜದಲ್ಲಿ ಸ್ಟ್ರಿಕ್ನಿನ್ ಅನ್ನುವ ಘೋರ ವಿಷ. ಮರ ತಪ್ಪಿದರೆ ಇಡೀ ಮನೆಯ ಜೀವಕ್ಕೇ ಕುತ್ತು. ನಮ್ಮ ಅಳಿಯ ಹಿಂದಿನ ದಿನ ಹಗಲಲ್ಲೇ ಮಕ್ಕಳನ್ನು ಕರೆದುಕೊಂಡು ಹೋಗಿ ಮರ ನೋಡಿ ಬರುತ್ತಾನೆ. ಹಾಲೆಗೆ ಒಂದೇ ಸುತ್ತಿನಲ್ಲಿ ಏಳು ಎಲೆಯವರೆಗೆ ಇರುತ್ತದೆ. ಎಲೆ ಮುರಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆ ಎದುರು ಬದುರು ಎರಡೇ, ಬುಡದಿಂದಲೇ ಮೂರೋ ಐದೋ ನರ ಎದ್ದಿರುತ್ತವೆ, ಹಾಲು ಬರುವುದಿಲ್ಲ. ನೋಡಿದ ಹಾಲೆ ಮರಕ್ಕೆ ಕೆಂಪು ದಾರ ಕಟ್ಟಿ ಬರುತ್ತಾರೆ. ಬೆಳಗಿನ ಜಾವ ಆ ದಾರ ಕೈಗೆ ಸಿಗದಿದ್ದರೆ ಆ ವರ್ಷ ಕಷಾಯವಿಲ್ಲ, ಗಂಜಿ ಮಾತ್ರ. ಬೇರೆಯವರು ಬಾಟಲಿಯಲ್ಲಿ ತಂದುಕೊಟ್ಟ ತೊಗಟೆ ರಸವನ್ನೂ ನಾವು ಕುಡಿಯುವುದಿಲ್ಲ.

ಏನಾದರೂ ತಿಂದ ಮೇಲೆ ವಾಂತಿ, ಸೆಳೆತ, ಬಾಯಿ ಮರಗಟ್ಟುವುದು ಕಂಡರೆ ಮನೆಮದ್ದು ಹುಡುಕುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ತಿಂದ ಗಿಡದ ಒಂದು ಕಡ್ಡಿ, ಉಳಿದ ಕಷಾಯ ಎರಡನ್ನೂ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ಗಂಟಿನ ಮೇಲೆ ಬರೆದ ಚೀಟಿ ಆಗ ತುಂಬಾ ಉಪಯೋಗಕ್ಕೆ ಬರುತ್ತದೆ.

ವಾಪಸ್ ಬರುವಾಗ ಬುಟ್ಟಿಯಲ್ಲಿ ಒಂದು ಗಂಟು ಮಾತ್ರ ಅಡುಗೆಗಲ್ಲ. ಬೇರು ಸಮೇತ ಬಿಡಿಸಿದ ನಾಲ್ಕು ಗೇಣು ಒಂದೆಲಗದ ಬಳ್ಳಿ ಅದು. ಬೆಂಗಳೂರಿನ ಬಾಲ್ಕನಿಯಲ್ಲಿ ಅಗಲ ಬಾಯಿಯ, ಒಂದು ಗೇಣು ಆಳದ ಕುಂಡ ಸಾಕು. ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಸಮ ಸಮ. ಬಳ್ಳಿಯನ್ನು ಮಣ್ಣಿನ ಮೇಲೆ ಅಡ್ಡಡ್ಡ ಹರಡಿ, ಗಂಟು ಇರುವಲ್ಲಿ ಮಾತ್ರ ಒಂದು ಚಿಟಿಕೆ ಮಣ್ಣು ಹಾಕಿ ಒತ್ತಬೇಕು. ನೆರಳು ಬಿಸಿಲು ಎರಡೂ ಬರುವ ಜಾಗದಲ್ಲಿಟ್ಟು, ಮಣ್ಣು ಒಣಗದ ಹಾಗೆ ನೋಡಿಕೊಳ್ಳಬೇಕು. ಅಕ್ಕಿ ತೊಳೆದ ನೀರು ಹಾಕಿದರೂ ಸರಿ. ಹೋದ ವರ್ಷ ಮೊಮ್ಮಗಳೇ ನೆಟ್ಟಳು. ದೀಪಾವಳಿಗೆ ಫೋನ್ ಮಾಡಿ, "ಅಜ್ಜಿ, ಕುಂಡದಿಂದ ಹೊರಗೆ ಬಂದಿದೆ, ಈಗ ಕೊಯ್ಯಬಹುದಾ?" ಅಂತ ಕೇಳಿದಳು. ಹೊರಗೆ ಇಳಿದದ್ದನ್ನು ಮಾತ್ರ ಕತ್ತರಿಸು, ಒಳಗಿನದ್ದು ಬಿಡು ಅಂದೆ.