ಗುಣಿಗೆ ಎರಡು ಕಾಳು: ಖಾಲಿ ಉಳಿಯುವುದೆಷ್ಟು?

ಪ್ರಮಾಣಿತ ತೊಗರಿ ಬೀಜದ ಕನಿಷ್ಠ ಮೊಳಕೆ ಪ್ರಮಾಣ ಶೇ 75. ಗುಣಿಗೆ ಎರಡು ಕಾಳು ಊರಿದರೆ ಎರಡೂ ಹುಟ್ಟುವ ಸಂಭವನೀಯತೆ ಎಷ್ಟು? ಒಂದೂ ಹುಟ್ಟದಿರುವುದು ಎಷ್ಟು?

ಬೀಜದ ಚೀಲದ ಚೀಟಿಯ ಮೇಲಿನ ಈ ಅಂಕಿ ಕನಿಷ್ಠ ಮಿತಿ ಮಾತ್ರ. ನಿಮ್ಮ ಬೀಜದ ಲೆಕ್ಕ ಬೇಕಿದ್ದರೆ 100 ಕಾಳು ಎಣಿಸಿ, ಒದ್ದೆ ಗೋಣಿತಾಟಿನ ಮೇಲೆ ಒಂದಕ್ಕೊಂದು ತಾಗದಂತೆ ಸಾಲಾಗಿ ಜೋಡಿಸಿ, ಸುತ್ತಿಡಿ. ತೇವ ಆರಬಾರದು. ವಾರದ ಮೇಲೆ ಬಿಚ್ಚಿ ಗಟ್ಟಿ ಮೊಳಕೆಗಳನ್ನಷ್ಟೇ ಎಣಿಸಿ. ದಪ್ಪ ಕಾಳುಗಳನ್ನೇ ಆರಿಸಿ ಇಟ್ಟರೆ ಲೆಕ್ಕ ಬುಡದಲ್ಲೇ ಕೆಡುತ್ತದೆ.

75 ಮೊಳೆತವು ಎನ್ನೋಣ. ಒಂದು ಕಾಳು ಹುಟ್ಟುವುದು 0.75, ಹುಟ್ಟದಿರುವುದು 0.25. ಒಂದರ ಹುಟ್ಟು ಇನ್ನೊಂದರ ಮೇಲೆ ಪರಿಣಾಮ ಬೀರದಿದ್ದರೆ ಅವು ಸ್ವತಂತ್ರ ಘಟನೆಗಳು, ಆಗ ಗುಣಿಸಬೇಕು.

ಎರಡೂ ಹುಟ್ಟುವುದು: 0.75 × 0.75 = 0.5625
ಎರಡೂ ಹುಟ್ಟದಿರುವುದು: 0.25 × 0.25 = 0.0625
ಒಂದೇ ಹುಟ್ಟುವುದು: 2 × 0.75 × 0.25 = 0.375

ಕೊನೆಯ ಸಾಲಿನ 2 ಅನ್ನು ಬಹಳ ಮಂದಿ ಮರೆಯುತ್ತಾರೆ. ಮೊದಲನೆಯದು ಹುಟ್ಟಿ ಎರಡನೆಯದು ಹುಟ್ಟದಿರಬಹುದು, ತಿರುಗುಮುರುಗಾಗಿಯೂ ಆಗಬಹುದು. ಮೂರನ್ನೂ ಕೂಡಿ ನೋಡಿ, 1 ಬರಲೇಬೇಕು. ಇನ್ನು ಕೆಲವರು 0.75ಕ್ಕೆ 0.75 ಕೂಡಿ 1.5 ಎನ್ನುತ್ತಾರೆ; ಸಂಭವನೀಯತೆ 1 ದಾಟುವುದಿಲ್ಲ.

‘ಕನಿಷ್ಠ ಒಂದಾದರೂ’ ಎಂದು ಕೇಳಿದರೆ ಖಾಲಿಯ ಪಾಲನ್ನು 1ರಿಂದ ಕಳೆಯಿರಿ: 0.9375. ಅಂದರೆ 1000 ಗುಣಿಗಳಲ್ಲಿ ಸುಮಾರು 63 ಖಾಲಿ. ಮೂರು ಕಾಳು ಊರಿದರೆ 0.25ರ ಘನ 0.0156, ಖಾಲಿ 16ರಷ್ಟಕ್ಕೆ ಇಳಿಯುತ್ತದೆ. ಒಂದೊಂದೇ ಊರಿದ್ದರೆ 250!

ಆದರೆ ಹೊಲದಲ್ಲಿ ಕಾಳುಗಳು ನಿಜಕ್ಕೂ ಸ್ವತಂತ್ರವೇ? ಇದನ್ನು ನೋಡದೆ ಗುಣಿಸುವುದೇ ದೊಡ್ಡ ತಪ್ಪು. ಒಂದೇ ಗುಣಿಯ ಎರಡು ಕಾಳುಗಳಿಗೂ ಅದೇ ಮಣ್ಣು, ಅದೇ ತೇವ. ಮಳೆ ಬಿದ್ದು ಮೇಲ್ಮಣ್ಣು ಹೆಪ್ಪುಗಟ್ಟಿದರೆ ಎರಡೂ ಒಟ್ಟಿಗೇ ಸಾಯುತ್ತವೆ.

ಪರೀಕ್ಷೆ ಸುಲಭ. 100 ಗುಣಿ ಎಣಿಸಿದಾಗ 65ರಲ್ಲಿ ಎರಡು ಸಸಿ, 20ರಲ್ಲಿ ಒಂದು, 15 ಖಾಲಿ ಎಂದುಕೊಳ್ಳಿ. ಒಟ್ಟು 150 ಸಸಿ. 200 ಕಾಳಿಗೆ ಇದೂ ಶೇ 75ರ ಹುಟ್ಟೇ. ಆದರೆ ಕಾಳುಗಳು ಸ್ವತಂತ್ರವಾಗಿದ್ದರೆ ಖಾಲಿ ಇರಬೇಕಾದದ್ದು ಸುಮಾರು 6. ಒಂದೇ ಸಸಿಯ 20 ಗುಣಿಗಳಲ್ಲಿ ಅರ್ಧದಲ್ಲಿ ಮೊದಲ ಕಾಳೇ ಹುಟ್ಟಿದೆ ಎಂದುಕೊಂಡರೆ, ಮೊದಲ ಕಾಳು ಹುಟ್ಟಿದ ಗುಣಿಗಳು 65 + 10 = 75. ಹಾಗಾಗಿ ಇಲ್ಲಿ ಮೊದಲನೆಯದು ಹುಟ್ಟಿದ ಮೇಲೆ ಎರಡನೆಯದು ಹುಟ್ಟುವ ಸಂಭವನೀಯತೆ 0.75 ಅಲ್ಲ, 65ನ್ನು 75ರಿಂದ ಭಾಗಿಸಿದರೆ ಬರುವ 0.867. ಆದ್ದರಿಂದ 0.75 × 0.867 = 0.65 ಎಂದೇ ಗುಣಿಸಬೇಕು. ಇಂಥ ಹೊಲದಲ್ಲಿ ಮೂರನೇ ಕಾಳಿನಿಂದ ಲೆಕ್ಕ ಹೇಳಿದಷ್ಟು ಲಾಭವಿಲ್ಲ; ಹೆಪ್ಪು ಒಡೆದು, ಖಾಲಿ ಗುಣಿಗೆ ಬೇಗ ಮರುಬಿತ್ತನೆ ಮಾಡುವುದು ಲೇಸು.